ಗಾಡಿ ಮಾಳಿಗಿ ಮ್ಯಾಲಿನ ತಂಪಿನ ಡಬ್ಬಿ

ಹೋದ ವಾರ ನಮ್ಮ ಮನಿ ಗ್ರೂಪಿನಾಗ ನನ್ನ ಮಗಳು ಒಂದು ಫೋಟೋ ಹಾಕಿದ್ಲು. ಎಲ್ಲಾರೂ ನೋಡೀರಿ. ನಾ ಓಡ್ನಿ ಸೊಂಟಕ್ಕ ಬಿಗದು, ಒಂದು ದೊಡ್ಡ ಬಿಳೀ ಗಾಡಿಯ ಮಾಳಿಗಿ ಮ್ಯಾಲೆ ಮೊಣಕಾಲೂರಿ ಕೂತೀನಿ, ಕೈಯಾಗ ಬ್ರಶ್ಶು. ಅದರ ಕೆಳಗ ಬಂದ ಪ್ರಶ್ನೆ ಒಂದಾ ಎರಡಾ! "ಏನ ತಂಗಿ, ಅಮೆರಿಕಾಕ್ಕ ಹೋಗಿ ಬಸ್ಸು ತೊಳಿಯೋ ಕೆಲಸ ಹಿಡದಿಯೇನು?" ಅಂತ ಕಾಕು ಕೇಳಿದ್ರು. "ಆ ಡಬ್ಬಿ ಏನದು, ನೀರಿನ ಟಾಕಿ ಏನು?" ಅಂತ ದೊಡ್ಡ ವೈನಿ. ಒಂದೊಂದ ಸಾಲಿನಾಗ ಉತ್ತರ ಕೊಡೋ ಮಾತಲ್ಲ ಇದು. ಅದಕ್ಕ ಇವತ್ತ ಚಹಾ ಕಪ್ಪು ಮಗ್ಗಲಾಗ ಇಟಗೊಂಡು ಬರೀಲಿಕ್ಕೆ ಕೂತೀನಿ.

ವೈನಿ, ಅದು ಟಾಕಿ ಅಲ್ರಿ, ಎಸಿ. ಗಾಡಿಗೆ ಆರ್‌ವಿ ಅಂತಾರ. ಗಾಡಿಯೊಳಗ ಮನಿ ಅಂತ ತಿಳೀರಿ. ಎರಡು ಒಲಿ, ಸಣ್ಣ ಫ್ರಿಜ್ಜು, ಬಚ್ಚಲ, ಮಲಗಲಿಕ್ಕೆ ಜಾಗಾ, ಎಲ್ಲಾ ಒಳಗ. ನಾವಿರೂದು ಅರಿಝೋನಾದ ಫೀನಿಕ್ಸದಾಗ. ಎರಡು ವರ್ಷದ ಹಿಂದ ಒಂದು ಹಳೇ ಆರ್‌ವಿ ಕೊಂಡ್ವಿ. ರಜಾದಾಗ ಅದರಾಗ ತಿರಗತೀವಿ. ಮಾಳಿಗಿ ಮ್ಯಾಲೆ ಆ ಡಬ್ಬಿ ಅದ ಅನ್ನೂದು ನಂಗೂ ಗೊತ್ತಿತ್ತು. ಆದ್ರ ಅದಕ್ಕೂ ನಂಗೂ ಏನ ಸಂಬಂಧ ಅಂತ ಸುಮ್ಮನಿದ್ದೆ. ಗಾಡಿ ಕೆಲಸ ಇವರದು, ಒಲಿ ಕೆಲಸ ನಂದು.

ಹೋದ ವರ್ಷ ಜೂನದಾಗ ಬಿಜಾಪುರದಿಂದ ನಮ್ಮ ಅತ್ತಿಯವರು ಬಂದಿದ್ರು. ಎಪ್ಪತ್ತೆಂಟು ವರ್ಷ, ಬಿಪಿ ಗುಳಗಿ ನುಂಗ್ತಾರ. ಅವರನ್ನ ಕರಕೊಂಡು ಪೇಜ್ ಅನ್ನೋ ಊರಿಗೆ, ಲೇಕ್ ಪೊವೆಲ್ ನೋಡ್ಲಿಕ್ಕೆ ಹೋದ್ವಿ. ಮೂರು ದಿನ ಅಲ್ಲೇ ಗಾಡಿ ನಿಲ್ಲಿಸಿದ್ವಿ. ಅತ್ತಿಯವರಿಗೆ ದಿನಾ ಬಿಸಿ ಜ್ವಾಳದ ರೊಟ್ಟಿ ಬೇಕು. ಅದನ್ನೂ ತಾವ ಬಡೀಬೇಕು. ನಾ ಬಡದದ್ದು ಅವರಿಗೆ ರೊಟ್ಟಿನ ಅಲ್ಲ! ಆ ಸಣ್ಣ ಅಡಿಗಿ ಕಟ್ಟಿ ಮ್ಯಾಲೆ ಟಪಾಟಪಾ ಬಡಿಯೋ ಸಪ್ಪಳ ಕೇಳಿ ಮಗ್ಗಲ ಗಾಡಿಯವರು ಹಣಿಕಿ ಹಾಕತಿದ್ರು.

ಮೂರನೇ ದಿನ ಮಧ್ಯಾಹ್ನ ಇವರು ಮಗಳ ಜೋಡಿ ಸಾಮಾನು ತರಲಿಕ್ಕೆ ಹೋಗಿದ್ರು. ನಾ ಹೊರಗ ನೆರಳಿನಾಗ ಫೋನಿನ ಮ್ಯಾಲೆ ಮಾತಾಡಕೋತ ಕೂತಿದ್ದೆ. ಒಳಗ ಬಂದು ನೋಡ್ತೀನಿ, ಎಸಿ ಸಪ್ಪಳ ಮಾಡಲಿಕ್ಕೆ ಹತ್ಯದ, ಗಾಳಿ ಮಾತ್ರ ಇಲ್ಲ. ಗಾಡಿ ಒಳಗ ಕುದಿಯೋ ಹಂಗ ಆಗ್ಯದ. ಅತ್ತಿಯವರು ಹಾಸಿಗಿ ಮ್ಯಾಲೆ ಗ್ವಾಡಿ ಕಡೆ ಮುಖ ಮಾಡಿ ಮಲಗ್ಯಾರ. ಮುಖ ಕೆಂಪಗ, ಮಾತು ತೊದಲ. "ಅತ್ತೀ, ಯಾಕ ಕರೀಲಿಲ್ರಿ?" ಅಂದ್ರ, "ನೀ ಫೋನಿನಾಗ ಇದ್ದಿ, ಇರ್ಲಿ ಬಿಡ್ವಾ ಅಂತ ಸುಮ್ಮನಿದ್ದೆ" ಅಂದ್ರು. ನನ್ನ ಕೈಕಾಲು ನಡಗಿದ್ವು.

ಮಗ್ಗಲ ಗಾಡ್ಯಾಗ ಒಬ್ಬಾಕಿನ ಇರೋ ಅಮೆರಿಕದ ಅಜ್ಜಿ ಇದ್ಲು. ಗಂಡ ತೀರಿಕೊಂಡ ಮ್ಯಾಲೆ ಗಾಡಿನ ಮನಿ ಮಾಡಿಕೊಂಡಾಕಿ. ಓಡಿ ಹೋಗಿ ಆಕಿನ್ನ ಕರದೆ. ಇಬ್ಬರೂ ಹಿಡಕೊಂಡು ಅತ್ತಿಯವರನ್ನ ಆಕಿ ಗಾಡಿಯ ತಂಪಿನಾಗ ಮಲಗಿಸಿದ್ವಿ, ಹಸೀ ಅರಬಿ ಕುತ್ತಿಗಿಗೆ, ಕಂಕುಳಿಗೆ ಇಟ್ವಿ. ತೊದಲೂದು ಕಂಡು ಆಕಿ ಆಂಬ್ಯುಲೆನ್ಸಿಗೂ ಫೋನ್ ಮಾಡಿದ್ಲು. ಅವರು ಬಂದು ನೋಡೂದ್ರಾಗ ಅತ್ತಿಯವರು ಚೇತರಿಸಿಕೊಂಡು, "ಈ ಹುಡುಗ್ರು ಯಾಕ ಬಂದಾರ?" ಅಂತ ನನ್ನ ಕೇಳಲಿಕ್ಕೆ ಹತ್ತಿದ್ರು. ಹೋದ ಜೀವ ಬಂದಂಗ ಆತು.

ಆಮ್ಯಾಲೆ ಆ ಅಜ್ಜಿ ನಮ್ಮ ಗಾಡಿಗೆ ಬಂದು, ಛಾವಣಿಗೆ ಹಚ್ಚಿದ ಜಾಳಗಿ ಬಿಚ್ಚಿ, ಒಳಗಿನ ಫಿಲ್ಟರ್ ತೆಗದು ನನ್ನ ಕೈಯಾಗ ಇಟ್ಲು. ನೋಡಿದ್ರ ಜ್ವಾಳದ ಹಿಟ್ಟು, ಒಗ್ಗರಣಿ ಹೊಗಿ, ಎಣ್ಣಿ ಜಿಡ್ಡು ಎಲ್ಲಾ ಕೂಡಿ ಫಿಲ್ಟರ್ ಅನ್ನೂದು ಥಾಲಿಪೀಟಿನಂಗ ಆಗಿತ್ತು! ಅದರ ಹಿಂದಿನ ಕೊಳವಿ ಮ್ಯಾಲೆ ಬರ್ಫ ಗಟ್ಟಿಯಾಗಿ ಕೂತಿತ್ತು. ಹೊರಗ ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಲು, ಒಳಗ ಕೊಳವಿ ಮ್ಯಾಲೆ ಬರ್ಫ! ಆಕಿ ತಂಪು ಬಂದ್ ಮಾಡಿ ಬರೇ ಫ್ಯಾನ್ ಹಚ್ಚಿದ್ಲು. ತಾಸೊತ್ತಿನಾಗ ಬರ್ಫ ಕರಗಿ, ತೊಳದ ಫಿಲ್ಟರ್ ಒಣಗಿಸಿ ಹಾಕಿದ ಮ್ಯಾಲೆ ಗಾಳಿ ಬಂತು. "ಈ ಮಷೀನು ತಂಪು ಹುಟ್ಟಸೂದಿಲ್ಲ, ಒಳಗಿನ ಬಿಸಿ ಹೊತ್ತು ಹೊರಗ ಒಗೀತದ. ಹೊರೋ ದಾರಿನ ಕಟ್ಟಿದ್ರ ಏನ ಮಾಡಬೇಕು ಅದು?" ಅಂದ್ಲು.

ಸಂಜೀ ಮುಂದ ಅತ್ತಿಯವರು ಸಣ್ಣ ದನಿಯಾಗ ಕೇಳಿದ್ರು, "ನನ್ನ ರೊಟ್ಟಿ ಹಿಟ್ಟಿಂದ ಕೆಡ್ತೇನು ಅದು?" ಇಲ್ರಿ ಅಂದೆ. ನಂಬಲಿಲ್ಲ. ಅವತ್ತಿಂದ ಊರಿಗೆ ಬರೋ ತನಕ ಗಾಡ್ಯಾಗ ರೊಟ್ಟಿ ಬಡೀಲಿಲ್ಲ. ಬ್ರೆಡ್ಡು ತಿಂದ್ರು. ಅದು ನಂಗ ಭಾಳ ಚುಚ್ಚಿತು. ಮನಿಗೆ ಬಂದು ಈ ಡಬ್ಬಿ ಏನು, ಮಾಳಿಗಿ ಹೆಂಗ ಹತ್ತಿತು, ಇದಕ್ಕ ಏನ ಸೇವಾ ಬೇಕು ಅಂತ ಒಂದೊಂದ ಓದಲಿಕ್ಕೆ ಹತ್ತಿದೆ. ಕಥಿ ಬೆಳಕೋತ ಹೋತು.

ಮೊದಲ ಬರ್ಫದ ಕಥಿ ಕೇಳ್ರಿ. ಮಷೀನು ಇಲ್ಲದಾಗ ತಂಪು ಅಂದ್ರ ಚಳಿಗಾಲದಾಗ ಕೆರಿ ಮ್ಯಾಲೆ ಗಟ್ಟಿಯಾದ ಬರ್ಫ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ ಆ ಬರ್ಫ ಕೊರದು, ಕಟಗಿ ಹೊಟ್ಟಿನಾಗ ಮುಚ್ಚಿ ಹಡಗದಾಗ ಹಾಕಿ ಮಾರತಿದ್ದ. 1833ರಾಗ ಟಸ್ಕನಿ ಅನ್ನೋ ಹಡಗದಾಗ 180 ಟನ್ ಬರ್ಫ ನಮ್ಮ ಕಲಕತ್ತಾಕ್ಕ ಕಳಿಸಿದ. ನಾಕು ತಿಂಗಳ ಸಮುದ್ರದಾಗ ಬಂದು ಮುಟ್ಟೋ ಹೊತ್ತಿಗೆ ಸುಮಾರು 100 ಟನ್ ಉಳದಿತ್ತು! ಮದ್ರಾಸಿನ್ಯಾಗ ಆ ಬರ್ಫ ಇಡಲಿಕ್ಕೆ 1842ರಾಗ ಕಟ್ಟಿದ ಐಸ್ ಹೌಸ್ ಇವತ್ತಿಗೂ ಸಮುದ್ರದ ದಂಡಿಗೆ ಅದ. ವಿವೇಕಾನಂದರು 1897ರಾಗ ಅಲ್ಲೇ ಇಳಕೊಂಡಿದ್ರು, ಈಗ ಅದಕ್ಕ ಅವರದೇ ಹೆಸರು. ಅಮೆರಿಕದ ತಂಪು ನಮ್ಮ ದೇಶಕ್ಕ ಬಂದದ್ದು ಎಸಿಕಿಂತ ಮೊದಲ ಅಂತಾತು.

ಆ ಬರ್ಫದ ಗುರುತು ಇನ್ನೂ ನಮ್ಮ ಬಾಯಾಗ ಅದ. "ನಮ್ಮದು ಒಂದು ಟನ್ನಿನ ಎಸಿ, ನಿಮ್ಮದು ಒಂದೂವರಿದಾ?" ಅಂತ ಕೇಳ್ತೀವಲ್ಲ, ಆ ಟನ್ನು ಡಬ್ಬಿಯ ಭಾರ ಅಲ್ರಿ. ಒಂದು ಟನ್, ಅಂದ್ರ ಅಮೆರಿಕದ ಲೆಕ್ಕದಾಗ 2000 ಪೌಂಡ್ ಬರ್ಫ, 24 ತಾಸಿನಾಗ ಕರಗುವಾಗ ಎಷ್ಟು ಬಿಸಿ ಎಳಕೋತದೋ ಅಷ್ಟು ಬಿಸಿ ಎಳೆಯೋ ಶಕ್ತಿ. ತಾಸಿಗೆ 12,000 ಬಿಟಿಯು. ನಮ್ಮ ಗಾಡಿ ಮ್ಯಾಲಿನ ಡಬ್ಬಿ 13,500 ಬಿಟಿಯುದ್ದು. ಅಂದ್ರ ದಿನಾ ಒಂದು ಟನ್ನಿಗಿಂತ ಚೂರು ಹೆಚ್ಚಿನ ಬರ್ಫ ಮಾಳಿಗಿ ಮ್ಯಾಲೆ ಹೊತಗೊಂಡು ಹೋದಂಗ.

ಗಾಡಿಮನಿಗೆ ತಂಪು ತರೋ ಮೊದಲ ಯತ್ನದಾಗೂ ಬರ್ಫದ ತಮ್ಮನ ಇದ್ದ. 1936ರಾಗ ಏರ್‌ಸ್ಟ್ರೀಮ್ ಕಂಪನಿ ಕ್ಲಿಪ್ಪರ್ ಅನ್ನೋ ಬೆಳ್ಳಿ ಬಣ್ಣದ, ತತ್ತಿಯಂಗ ದುಂಡನೆಯ, ಕಾರಿನ ಹಿಂದ ಜಗ್ಗಿಕೊಂಡು ಹೋಗೋ ಮನಿ ತಂತು. ಅದರಾಗ ತಂಪಿಗೆ ಡ್ರೈ ಐಸ್ ಇಡೋ ವ್ಯವಸ್ಥಾ ಇತ್ತು. ಐಸು ತೀರಿತು, ತಂಪು ತೀರಿತು.

ಅರಿಝೋನಾದಂಥಾ ಒಣ ನಾಡಿನ ಮಂದಿ ಬ್ಯಾರೆ ಉಪಾಯ ಹುಡುಕಿದ್ರು. ಕಾರಿನ ಕಿಟಕಿಗೆ ಹೊರಗಿನಿಂದ ಒಂದು ಉರುಟು ಡಬ್ಬಿ ನೇತು ಹಾಕತಿದ್ರು. ಒಳಗ ನೀರು, ನೀರಾಗ ನೆನದ ಪದರ. ಕಾರು ಓಡಿದಂಗ ಗಾಳಿ ಆ ಹಸೀ ಪದರದಾಗಿಂದ ತೂರಿ ತಣ್ಣಗಾಗಿ ಒಳಗ ಬರ್ತಿತ್ತು. 1940–50ರ ದಶಕದ ಹಳೇ ಕಾರಿನ ಫೋಟೋದಾಗ ಇವು ಕಾಣತಾವ. ನಮಗೇನು ಹೊಸಾದಲ್ಲ ಬಿಡ್ರಿ. ಲಾವಂಚದ ತಟ್ಟಿಗೆ ನೀರು ಗೊಜ್ಜೂದು, ಮಣ್ಣಿನ ಗಡಿಗಿಗೆ ಹಸೀ ಅರಬಿ ಸುತ್ತೂದು, ಬಿಜಾಪುರ-ಕಲಬುರ್ಗಿ ಮನ್ಯಾಗಿನ ಕೂಲರು, ಎಲ್ಲಾ ಅದೇ ಗುಟ್ಟು. ನೀರು ಆರುವಾಗ ಬಿಸಿ ಎಳಕೋತದ. ಮಂಗಳೂರಾಗ ಮೊದಲ ಗಾಳಿ ತುಂಬ ನೀರು, ಅದಕ್ಕ ಅಲ್ಲೆ ಕೂಲರ್ ಆಟ ನಡಿಯೂದಿಲ್ಲ. ಇಲ್ಲೂ ಹಂಗ. ಅರಿಝೋನಾದಾಗ ಛಲೋ ನಡದದ್ದು ಫ್ಲೋರಿಡಾದಾಗ ನಡೀಲಿಲ್ಲ.

ಇನ್ನ ಖರೇ ಎಸಿ. ಅದು ಹುಟ್ಟಿದ್ದು ಮನುಷ್ಯಾರ ಸುಖಕ್ಕ ಅಲ್ಲ, ಕಾಗದದ ಸಲುವಾಗಿ! ನ್ಯೂಯಾರ್ಕಿನ ಬ್ರೂಕ್ಲಿನ್ನಿನ್ಯಾಗ ಒಂದು ಬಣ್ಣದ ಛಾಪಖಾನಿ ಇತ್ತು. ಬ್ಯಾಸಿಗಿ ಹವಾದಾಗ ತೇವ ಏರಿಳದಂಗ ಕಾಗದ ಉಬ್ಬೂದು ಕುಗ್ಗೂದು, ಒಂದರ ಮ್ಯಾಲೊಂದು ಹಚ್ಚೋ ಬಣ್ಣ ಸರಿ ಕೂಡತಿರಲಿಲ್ಲ. 1902ರಾಗ ವಿಲಿಸ್ ಕ್ಯಾರಿಯರ್ ಅನ್ನೋ 25 ವರ್ಷದ ಎಂಜಿನಿಯರ್, ಗಾಳೀನ ತಣ್ಣನೆ ಕೊಳವಿ ಮ್ಯಾಲೆ ಹಾಯಿಸಿ ಅದರಾಗಿನ ತೇವ ಇಳಿಸೋ ಯಂತ್ರ ಮಾಡಿದ. ಮಳಿ ಹವಾದಾಗ ಹಪ್ಪಳ ಮೆತ್ತಗಾಗ್ತಾವಲ್ಲ, ಅದೇ ತ್ರಾಸು ಅವರಿಗೆ ಕಾಗದದ್ದು.

ಆ ಯಂತ್ರ ಗಾಡಿ ಹತ್ತಲಿಕ್ಕೆ ಮೂವತ್ತೇಳು ವರ್ಷ ಹಿಡೀತು. 1939ರಾಗ ಪ್ಯಾಕರ್ಡ್ ಕಂಪನಿ ಎಸಿ ಇರೋ ಕಾರು ತೋರಿಸಿತು. ಹಿಂದಿನ ಡಿಕ್ಕಿಯ ಅರ್ಧಾ ಜಾಗಾ ಅದ ತಿಂತಿತ್ತು. ತಂಪು ಸಾಕು ಅನಸಿದ್ರ ಎಂಜಿನ್ ಬಂದ್ ಮಾಡಿ, ಇಳದು, ಬಾನೆಟ್ ಎತ್ತಿ ಬೆಲ್ಟ್ ಬಿಚ್ಚಬೇಕು! ಭಾಳ ದಿನ ಬಾಳಲಿಲ್ಲ ಅದು.

ಅದೇ ಹೊತ್ತಿಗೆ ಫ್ರೆಡರಿಕ್ ಮೆಕಿನ್ಲಿ ಜೋನ್ಸ್ ಅನ್ನೋ ಕರಿಯ ಜನಾಂಗದ ಮನುಷ್ಯಾ ಒಂದು ದೊಡ್ಡ ಕೆಲಸ ಮಾಡಿದ. ಸಣ್ಣಾವ ಇದ್ದಾಗ ತಂದಿ ತಾಯಿ ಇಲ್ಲದಂಗಾಗಿ, ಸಾಲಿ ಅರ್ಧಕ್ಕ ಬಿಟ್ಟು, ಗ್ಯಾರೇಜಿನಾಗ ಕಸಾ ಹೊಡದು ಮಷೀನು ಕಲತಾವ. ಕಾಯಿಪಲ್ಲೆ, ಮಾಂಸ ಕೆಡದಂಗ ಒಯ್ಯೋ ಟ್ರಕ್ಕಿಗೆ 1930ರ ದಶಕದ ಕೊನಿಗೆ ತಂಪಿನ ಯಂತ್ರ ಮಾಡಿದ. ಮೊದಲ ಟ್ರಕ್ಕಿನ ತಳಕ್ಕ ಕಟ್ಟಿದ್ರು. ರಸ್ತಾದ ಕೆಸರು, ಧೂಳಿ, ಕಲ್ಲು ಬಡದು ಕೆಡತಿತ್ತು. ಅದಕ್ಕ ಸಣ್ಣದು ಮಾಡಿ, ಕುಲುಕಾಟ ತಡಿಯೋ ಹಂಗ ಮಾಡಿ, ಮುಂದಿನ ಮಗ್ಗಲ ಮ್ಯಾಲೆ ಏರಿಸಿದ. ಆರ್‌ವಿ ಎಸಿ ಆತ ಮಾಡಿದ್ದಲ್ಲ. ಆದ್ರ ಓಡೋ ಗಾಡ್ಯಾಗ ತಂಪಿನ ಯಂತ್ರಕ್ಕ ಧೂಳಿ ಮತ್ತ ಕುಲುಕಾಟನ ಮೊದಲ ವೈರಿ ಅನ್ನೋ ಪಾಠ ಅಲ್ಲೇ ಸಿಕ್ಕಿತು. ಆತ 1961ರಾಗ ತೀರಿಕೊಂಡ. ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಬಂದದ್ದು 1991ರಾಗ, ಆತ ಹೋಗಿ ಮೂವತ್ತು ವರ್ಷಕ್ಕ.

ಆರ್‌ವಿ ಮಾಳಿಗಿ ಮ್ಯಾಲೆ ಎಸಿ ಹತ್ತಿದ್ದು 1960ರ ದಶಕದಾಗ. ಅಯೋವಾದ ವಿನ್ನೆಬಾಗೋ ಕಂಪನಿ 1966ರಿಂದ ಮೋಟಾರ್ ಮನಿಗಳನ್ನ ಸಾಲಾಗಿ ತಯಾರ ಮಾಡಿ ಮಧ್ಯಮ ವರ್ಗದವರ ಕೈಗೆ ತಂತು. ಇಂಥಾ ಗಾಡಿಗಳ ಛಾವಣ್ಯಾಗ ಅಡಿಗಿ ಹೊಗಿ ಹೋಗಲಿಕ್ಕೆ 14 ಇಂಚು ಉದ್ದ, 14 ಇಂಚು ಅಗಲದ ಬೆಳಕಿಂಡಿ ಇರತದ. ಎಸಿ ಡಬ್ಬಿನೂ ಅದೇ ಅಳತಿಗೆ ಮಾಡಿದ್ರು. ಮುಚ್ಚಳ ತೆಗಿ, ಡಬ್ಬಿ ಕೂಡಿಸು, ಒಳಗಿನಿಂದ ಉದ್ದನ ಬೋಲ್ಟ್ ಬಿಗಿ, ಆತು. ಕಿಟಕಿ ಖಾಲಿ ಉಳೀತು, ಕೆಳಗಿನ ಧೂಳಿ ತಪ್ಪಿತು, ಬಿಸಿ ಗಾಳಿ ಮ್ಯಾಲಿಂದ ಮ್ಯಾಲೆ ಹೋತು. ಇವತ್ತಿಗೂ ಬಹುತೇಕ ಅದೇ ಅಳತಿ. ಅಡಿಗಿ ಹೊಗಿ ಹೋಗೋ ಬೆಳಕಿಂಡಿಯ ಜಾಗಾದಾಗ ಎಸಿ ಬಂದು ಕೂತದ ಅಂದ ಮ್ಯಾಲೆ ನಮ್ಮ ಒಗ್ಗರಣಿ, ರೊಟ್ಟಿ ಹಿಟ್ಟು ನೆಟ್ಟಗ ಎಲ್ಲಿ ಹೋಗಬೇಕು ಹೇಳ್ರಿ? ಇದನ್ನ ಓದಿದಾಗ ನಂಗ ಪೇಜಿನ ಆ ಮಧ್ಯಾಹ್ನ ಅರ್ಥ ಆತು.

ಒಳಗಿನ ಗ್ಯಾಸಿಂದೂ ಒಂದು ಕಥಿ ಅದ. ಮೊದಲ ಫ್ರಿಜ್ಜು, ಎಸಿಗಳೊಳಗ ಅಮೋನಿಯಾದಂಥಾ ವಿಷಾರಿ ಗ್ಯಾಸು ಇರತಿದ್ವು. ಸೋರಿದ್ರ ಜೀವಕ್ಕ ಅಪಾಯ. ಥಾಮಸ್ ಮಿಡ್ಜ್ಲಿ ಅನ್ನಾವ ತನ್ನ ಜೋಡಿದಾರರ ಕೂಡ ಫ್ರಿಯಾನ್ ಕಂಡು ಹಿಡದ. 1930ರಾಗ ಮಂದಿ ಮುಂದ ಅದನ್ನ ಮೂಗಿನಾಗ ಎಳಕೊಂಡು, ಊದಿ ಮೇಣಬತ್ತಿ ಆರಿಸಿ ತೋರಿಸಿದ, ವಿಷಾನೂ ಅಲ್ಲ, ಬೆಂಕಿನೂ ಹತ್ತೂದಿಲ್ಲ ಅಂತ. ಆದ್ರ 1974ರಾಗ ಮೊಲಿನಾ ಮತ್ತ ರೋಲ್ಯಾಂಡ್ ಅನ್ನೋ ವಿಜ್ಞಾನಿಗಳು, ಈ ಜಾತಿ ಗ್ಯಾಸು ಆಕಾಶದಾಗ ಏರಿ ಓಝೋನ್ ಪದರ ತಿಂತದ ಅಂತ ತೋರಿಸಿದ್ರು. 1987ರಾಗ ಮಾಂಟ್ರಿಯಲ್ ಒಪ್ಪಂದ ಆತು. ಆಮ್ಯಾಲೆ ಒಂದೊಂದ ಗ್ಯಾಸು ಬಂದಾತು. ಹಳೇ ಆರ್‌ವಿಗಳೊಳಗಿನ ಆರ್-22 ಅನ್ನೂದನ್ನ ಹೊಸದಾಗಿ ತಯಾರಿಸೂದು ಅಮೆರಿಕದಾಗ 2020ಕ್ಕ ನಿಂತ ಹೋತು. ಗ್ಯಾಸು ಸುಮ್ಮನ ಹವಾದಾಗ ಬಿಡೂದು ಇಲ್ಲೆ ಕಾನೂನಿನ ಪ್ರಕಾರ ತಪ್ಪು. ಅದಕ್ಕ ಗ್ಯಾಸಿನ ತಂಟೆಕ್ಕ ನಾ ಹೋಗೂದಿಲ್ಲ, ಅದು ಪರವಾನಗಿ ಇದ್ದ ಮೆಕ್ಯಾನಿಕ್ಕಿನ ಕೆಲಸ. ನನ್ನ ಕೆಲಸ ತೊಳಿಯೂದು.

ಏನ ತೊಳೀತಿ ಅಂತ ಕೇಳ್ತೀರೇನು? ಮೊದಲ ಕರೆಂಟಿನ ವಯರು ಕಿತ್ತು, ಜನರೇಟರ್ ಬಂದ್ ಮಾಡಬೇಕು. ಇದು ಮರತ್ರ ಜೀವದ ಮಾತು. ಒಳಗ ಕೆಪಾಸಿಟರ್ ಅಂತ ಒಂದು ಸಣ್ಣ ಡಬ್ಬಿ ಇರತದ. ಕರೆಂಟ್ ತೆಗದ ಮ್ಯಾಲೂ ಅದರಾಗ ಹೊಡಿಯೋ ಶಕ್ತಿ ಉಳದಿರತದ. ವಯರು ಇರೋ ಕಡೆ ನಾ ಬೆರಳ ಇಡೂದಿಲ್ಲ.

ಒಳಗಿನ ಫಿಲ್ಟರ್ ಸಾಬಾಣದ ನೀರಾಗ ಅದ್ದಿ, ತೊಳದು, ನೆರಳಿನಾಗ ಪೂರಾ ಒಣಗಿಸಿ ಹಾಕಬೇಕು. ಬ್ಯಾರೆಯವರಿಗೆ ಎರಡು ವಾರಕ್ಕೊಮ್ಮೆ ಸಾಕು. ರೊಟ್ಟಿ ಬಡಿಯೋ ಮನಿಗೆ ನಾಕು ದಿನಕ್ಕೊಮ್ಮೆ.

ಮಾಳಿಗಿ ಕೆಲಸ ಬೆಳಿಗ್ಗೆ ಬಿಸಲು ಏರೂದ್ರಾಗ. ಮ್ಯಾಲಿನ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂ ಬಿಚ್ಚಿ ಎತ್ತಿದ್ರ ಒಳಗ ಕಡಜದ ಮಣ್ಣಿನ ಗೂಡು, ಒಣಗಿದ ಎಲಿ, ಹತ್ತಿಯಂಥ ಜೊಂಡು. ನಮ್ಮದರಾಗ ಎರಡು ಗೂಡು ಸಿಕ್ವು. ಬಿಸಿ ಹೊರಗ ಒಗಿಯೋ ಕೊಳವಿಗೆ ಅಲ್ಯೂಮಿನಿಯಂ ತೆಳ್ಳನ ಪಟ್ಟಿಗಳು ಹಪ್ಪಳಕಿಂತ ನಾಜೂಕ ಇರತಾವ. ಮೆತ್ತನ ಬ್ರಶ್ಶಿನಿಂದ ಧೂಳಿ ತೆಗದು, ಮೋಟಾರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸಣ್ಣ ಧಾರಿ ನೀರು ಬಿಡಬೇಕು. ಜೋರ ಪೈಪ್ ಹಿಡದ್ರ ಪಟ್ಟಿ ಮಡಚತಾವ. ಮಡಚಿದ್ದನ್ನ ನೆಟ್ಟಗ ಮಾಡಲಿಕ್ಕೆ ಹೇನು ತೆಗಿಯೋ ಹಣಗಿಯಂಥದ್ದು ಸಿಗತದ. ನೀರು ಹೋಗೋ ತೂತು ಕಟ್ಟಿಲ್ಲ ಅಂತ ನೋಡಬೇಕು.

ಕೊನಿಗೆ ಒಳಗಿನ ಬೋಲ್ಟ್. ಡಬ್ಬಿ ಮತ್ತ ಮಾಳಿಗಿ ನಡುವ ಒಂದು ದಪ್ಪನ ಸ್ಪಂಜಿನ ಪಟ್ಟಿ ಇರತದ. ಗಾಡಿ ಕುಲುಕಿ ಬೋಲ್ಟ್ ಸಡಲಾದ್ರ ಮಳಿ ನೀರು ಹಾಸಿಗಿ ಮ್ಯಾಲೆ. ಭಾಳ ಬಿಗದ್ರ ಪಟ್ಟಿ ಚಪ್ಪಟಿಯಾಗಿ ಮತ್ತ ನೀರು. ಹದಾ ಬೇಕು. ಇನ್ನ ಕರೆಂಟು. ನಮ್ಮ ಗಾಡಿಗೆ ಸಿಗೂದು 120 ವೋಲ್ಟು, 30 ಆಂಪ್. ಎಸಿ ಹಚ್ಚಿದಾಗ ನೀರು ಕಾಸೋ ಕೆಟಲ್ಲು, ಮೈಕ್ರೋವೇವು ಒಮ್ಮೆಲೆ ಹಚ್ಚಬಾರದು. ಬ್ಯಾಸಿಗ್ಯಾಗ ಎಲ್ಲಾ ಗಾಡಿಯವರೂ ಎಸಿ ಹಚ್ಚಿದಾಗ ವೋಲ್ಟೇಜ್ ಇಳೀತದ, ಅದು ಕಂಪ್ರೆಸರಿಗೆ ಕುತ್ತು. ಅದಕ್ಕ ಪ್ಲಗ್ಗಿನಾಗ ಒಂದು ಸಣ್ಣ ಮೀಟರ್ ಹಚ್ಚೀನಿ, ಹಾಲಿನ ಮ್ಯಾಲೆ ಕಣ್ಣಿಟ್ಟಂಗ ಅದರ ಮ್ಯಾಲೆ ಒಂದು ಕಣ್ಣು.

ಇಷ್ಟ್ಯಾಕ ಹೇಳ್ತೀನಿ ಅಂದ್ರ, 2023ರಾಗ ನಮ್ಮ ಫೀನಿಕ್ಸದಾಗ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್, ಅಂದ್ರ ನಮ್ಮ ಲೆಕ್ಕದಾಗ 43ಕ್ಕಿಂತ ಮ್ಯಾಲೆ ಇತ್ತು. ಆ ವರ್ಷ ಈ ಒಂದ ಜಿಲ್ಲಾದಾಗ ಬಿಸಲಿಗೆ 645 ಮಂದಿ ಸತ್ರು. ಮನಿಯೊಳಗ ಸತ್ತವರಾಗ ಎಸಿ ಇದ್ದೂ ಅದು ನಡೀದ ಇದ್ದವರ ಹೆಚ್ಚು. ಓದಿದಾಗ ಗ್ವಾಡಿ ಕಡೆ ಮುಖ ಮಾಡಿ ಮಲಗಿದ ಅತ್ತಿಯವರು ಕಣ್ಣ ಮುಂದ ಬಂದ್ರು. ವಯಸ್ಸಾದವರು ಸೆಕಿ ಆಗ್ತದ ಅಂತ ಬಾಯಿ ಬಿಟ್ಟು ಹೇಳೂದಿಲ್ರಿ. ನಾವ ಹೋಗಿ ಮುಟ್ಟಿ ನೋಡಬೇಕು.

ಈ ವರ್ಷ ಅತ್ತಿಯವರು ಮತ್ತ ಬಂದಾರ. ಹೋದ ವಾರ ಗಾಡಿ ತಗೊಂಡು ಹೊಂಟಾಗ ನಾ ಮೊದಲ ಮಾಳಿಗಿ ಹತ್ತಿದೆ. ಫೋಟೋ ಆವಾಗಿಂದು. ಕೆಳಗ ನಿಂತು ಅವರು, "ಬಿದ್ದೀ, ಹುಷಾರ" ಅಂತ ಏಣಿ ಹಿಡಕೊಂಡಿದ್ರು. ಇಳದ ಮ್ಯಾಲೆ ತೊಳದ ಫಿಲ್ಟರ್ ಅವರ ಕೈಗೆ ಕೊಟ್ಟು, "ನೋಡ್ರಿ, ಇನ್ನ ನಾಕು ದಿನ ಎಷ್ಟ ಹಿಟ್ಟು ಹಾರಿದ್ರೂ ಚಿಂತಿಲ್ಲ" ಅಂದೆ. ಬೆಳಕಿಗೆ ಹಿಡದು, ತಿರಿಗಿ ಮುರಿಗಿ ನೋಡಿದ್ರು. ಏನೂ ಅನಲಿಲ್ಲ.

ಮಧ್ಯಾಹ್ನ ನಾ ಹೊರಗ ಹಗ್ಗದ ಮ್ಯಾಲೆ ಅರಬಿ ಹಾಕಲಿಕ್ಕೆ ಹತ್ತಿದ್ದೆ. ಒಳಗಿಂದ ಟಪಾಟಪಾ ಸಪ್ಪಳ ಬಂತು.

ನಿಮ್ಮನಿ ಕೂಲರಿನ ಹುಲ್ಲು ಬದಲಿ ಮಾಡಿ ಎಷ್ಟ ದಿನಾತು? ಎಸಿ ಫಿಲ್ಟರ್ ಕಡೆ ಯಾವಾಗ ತೊಳದೀರಿ? ಇವತ್ತ ಒಮ್ಮೆ ತೆಗದು ನೋಡ್ರಿ. ಆಮ್ಯಾಲೆ ನಂಗ ಫೋನ್ ಮಾಡ್ರಿ, ನಿಮ್ಮದು ಥಾಲಿಪೀಟಾಗಿತ್ತೋ ಹಪ್ಪಳಾಗಿತ್ತೋ ಹೇಳ್ರಂತ.